ನಾನಾ ಎನ್ನುತ್ತಿದ್ದ ಆಯಿ

ಮೊನ್ನೆ ಆಳಂದದ ಬಸ್‌ಸ್ಟ್ಯಾಂಡಿನಲ್ಲಿ ತೆಲುಗು ಹೆಂಗಸೊಬ್ಬಳು ತನ್ನ ಪುಟ್ಟ ಮಗಳನ್ನು "ನಾನಾ, ಇಟು ರಾ" ಎಂದು ಕರೆದಳು. ತಿರುಗಿ ನೋಡಿದವಳು ಐವತ್ತಕ್ಕೆ ಬಂದ ನಾನು. ಕಣ್ಣ ಮುಂದೆ ಬಂದದ್ದು ಈಗ ಗೋಡೆಯೂ ಉಳಿಯದ ಸರಸಂಬಾದ ನಮ್ಮ ಮನೆ, ಹಂಚಿನ ಮೇಲೆ ಉಬ್ಬುವ ಜೋಳದ ರೊಟ್ಟಿಯ ವಾಸನೆ, ಒಲೆಯ ಮುಂದೆ ಆಯಿ. ಆಯಿ ನಮ್ಮಪ್ಪನ ತಾಯಿ. ಶಾಲೆಯಿಂದ ಬಂದವಳಿಗೆ "ಬಾ ನಾನಾ, ಹಸದಿ ಏನ?" ಎಂದು ಬಿಸಿ ರೊಟ್ಟಿಗೆ ನಾವು ಹಿಂಡಿ ಎನ್ನುವ ಶೇಂಗಾ ಚಟ್ನಿಪುಡಿ, ಎಣ್ಣೆ ಹಾಕಿ ಕೊಡುತ್ತಿದ್ದಳು.

ನನಗೋ ಹನ್ನೊಂದನೇ ವಯಸ್ಸಿಗೇ ಎಲ್ಲದರ ಮೇಲೂ ಸಂಶಯ. ಮನೆಯಲ್ಲಿ ಆಡುವ ಹತ್ತು ಮಾತು ಬರೆದು, ಅವು ಯಾವ ಭಾಷೆಯವೆಂದು ಕೇಳಿಕೊಂಡು ಬನ್ನಿ ಎಂದು ಸರ್ ಹೇಳಿದ್ದರು. ನಾನು ಮೊದಲು ಹಿಡಿದದ್ದು ನಾನಾ ಎಂಬ ಮಾತನ್ನೇ. ಪಕ್ಕದ ಮನೆಯ ಫಾತಿಮಾಳಿಗೆ ನಾನಾ ಎಂದರೆ ತಾಯಿಯ ತಂದೆ. ಅರಿವೆ ಅಂಗಡಿಯ ಮರಾಠಿ ಹಿರಿಯರು ಊರಿಗೆಲ್ಲ ನಾನಾ. ನಮ್ಮ ಪಾಠದ ಪುಸ್ತಕದಲ್ಲಿ ಬಗೆಬಗೆಯ ಎಂಬ ಅರ್ಥ. ಹುಡುಗಿಯಾದ ನಾನು ಹೇಗೆ ನಾನಾ ಆದೆ? ಸರ್ ನಕ್ಕು, ತೆಲುಗಿನವರು ಅಪ್ಪನಿಗೆ ಹಾಗೆನ್ನುತ್ತಾರೆ, ಮುದ್ದಿಗೆ ಮಕ್ಕಳಿಗೂ ಅನ್ನುತ್ತಾರೆ ಎಂದರು. ಆಯಿ ತನ್ನ ತವರು ಹತ್ತಿರದ ಕನ್ನಡದ ಊರು ನಿಂಬರ್ಗಾ ಎನ್ನುತ್ತಿದ್ದಳು. ಆದರೆ ಆ ತವರಿನಿಂದ ಒಬ್ಬರೂ ಬಂದದ್ದನ್ನು ನಾನು ಕಂಡಿರಲಿಲ್ಲ. ಸಿಕ್ಕಿಬಿದ್ದಳು ಮುದುಕಿ ಅಂದುಕೊಂಡೆ.

ಆ ವಾರವೇ ಇಜೇರಿಯಿಂದ ಅಪ್ಪನ ಕಿರಿಯ ತಂಗಿಯಾದ ನಮ್ಮ ಅತ್ತೆಯನ್ನು ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಹೆಣ್ಣಿನ ತಾಯಿಯ ತವರು ಯಾವುದು, ಯಾರ ಪೈಕಿ ಎಂದು ಕೆದಕಿ ಕೇಳುವ ಮಂದಿ. ನನಗೆ ಅದರ ಪರಿವೆಯೇ ಇರಲಿಲ್ಲ. ಪಟ್ಟಿ ಹಿಡಿದು ಒಲೆಯ ಮುಂದೆ ಕೂತೆ.

"ಆಯಿ, ಖರೇ ಹೇಳು. ನೀ ನಿಂಬರ್ಗಾದಾಕಿ ಹೌದಿಲ್ಲೊ? ನಾನಾ ಅನ್ನೂದು ತೆಲುಗಂತ."

ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು. ಬಾಗಿಲ ಕಡೆ ನೋಡಿ, ದನಿ ಇಳಿಸಿ ಕೇಳಿದಳು: "ಯಾರ ಕಳಸ್ಯಾರ ನಿನಗ? ಇಜೇರಿಯವರೇನ?"

"ಸರ್ ಬರಕೊಂಡ ಬಾ ಅಂದಾರ."

"ಅದೊಂದ ಬರೀಬ್ಯಾಡ. ಕೈ ಮುಗೀತೇನಿ."

ಹಿಟ್ಟು ಮೆತ್ತಿದ ಎರಡೂ ಕೈ ಜೋಡಿಸಿದಳು, ಆರನೇ ಇಯತ್ತೆಯ ಹುಡುಗಿಗೆ! ಆದರೂ ನಾನು ಬರೆದೆ. ಪೆನ್ಸಿಲ್ ಒತ್ತಿ ಒತ್ತಿ ಬರೆದೆ. ಸರ್ ಶಾಭಾಷ್ ಎಂದರು. ಮರುದಿನ ಮನೆಗೆ ಬಂದರೆ ಆಯಿ, "ಬಾ ಸುವರ್ಣಾ, ಉಣ್ಣು" ಎಂದಳು. ಅದೇ ರೊಟ್ಟಿ, ಅದೇ ಹಿಂಡಿ. ಅತ್ತೆಯ ಲಗ್ನ ಸುಸೂತ್ರವಾಗಿ ಆಯಿತು. ಇನ್ನಾದರೂ ಕರೆದಾಳು ಎಂದು ಕಾದೆ. ಕೊನೆಯ ಉಸಿರಿನವರೆಗೂ ನಾನು ಆಕೆಗೆ ಸುವರ್ಣಾ. ಆಕೆ ಎಲ್ಲಿಯವಳೋ ನನಗೆ ಇಂದಿಗೂ ತಿಳಿಯದು, ತಿಳಿಯುವ ಆಸೆಯೂ ಸತ್ತಿದೆ.

ಹೊಲದಲ್ಲಿ ಆಯಿಯನ್ನು ಮಣ್ಣು ಮಾಡಿ ಬಂದ ಸಂಜೆ ನಾನು ಅಪ್ಪನ ಮುಂದೆ ಎಲ್ಲ ಹೇಳಿಕೊಂಡು ಅತ್ತುಬಿಟ್ಟೆ.

"ನನಗೂ ಹಂಗ ಕರೀತಿದ್ಳವ್ವ, ಯಾರೂ ಇಲ್ಲದಾಗ," ಎಂದ ಅಪ್ಪ. "ನಿಮ್ಮತ್ತಿ ಲಗ್ನದ ವರ್ಸ ಒಮ್ಮಿಂದೊಮ್ಮೆ ಬಿಟ್ಟಳು. ನಾ ಏನ ತಪ್ಪು ಮಾಡೇನಿ ಅಂತ ಇಷ್ಟ ವರ್ಸ ತಿಳೀಲಿಲ್ಲ ನನಗ."

ಅಪ್ಪನಿಗೆ ಆಗ ಅರವತ್ತು ದಾಟಿತ್ತು.