ಅರ್ಧ ಗುಳಿಗೆ

ಎದೆಯ ಆಪರೇಷನ್ ಆದಮೇಲೆ ನಾನು ದಿನಾ ಸಂಜೆ ರಕ್ತ ತೆಳುವಾಗುವ ಗುಳಿಗೆ ನುಂಗಬೇಕಿತ್ತು. ನನ್ನ ಗಂಡನಿಗೆ ಮೊಣಕಾಲು ನೋವು. ರಕ್ತ ಸರಾಗ ಹರಿದರೆ ನೋವು ಇಳಿದೀತು ಎಂದು ನಾನೇ ಡಾಕ್ಟರಾದೆ. ಗುಳಿಗೆ ಮುರಿದು ಅರ್ಧ ನನಗೆ, ಅರ್ಧ ಅವರಿಗೆ. ಸಂಜೆಯಾದರೆ ಕಟ್ಟೆಯ ಮೇಲೆ ಕೂತು ಅಂಗೈ ಚಾಚುತ್ತಿದ್ದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಕಮಲಾಪುರದ ನಮ್ಮ ಬಾಳೆ ತೋಟದಲ್ಲಿ ಕಾಲು ಜಾರಿ, ನೀರಿನ ತೊಟ್ಟಿಯ ಕಲ್ಲಿಗೆ ಅವರ ತಲೆ ಬಡಿಯಿತು. ಕೆಂಪು ಗೊನೆಗಳ ನೆರಳಲ್ಲಿ ನಿದ್ದೆ ಹೋದಂತೆ ಕಂಡರು. ಎಬ್ಬಿಸಿದರೆ ಏಳಲಿಲ್ಲ.

ಕಲಬುರಗಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೊರಗೆ ಬಂದು ಮಗನನ್ನು ಕೇಳಿದರು: "ತಲಿಯೊಳಗ ರಕ್ತ ಸೋರಾಕತ್ತದ, ಹೆಪ್ಪುಗಟ್ಟವಲ್ದು. ರಕ್ತ ತೆಳುವಾಗೋ ಗುಳಿಗಿ ತಗೋತಾರೇನು?"

"ಇಲ್ರೀ ಮೇಡಂ. ಚಹಾ ಬಿಟ್ರ ಬ್ಯಾರೆ ಏನೂ ಇಲ್ರೀ."

ಮಗನ ಮಾತು ಕಾಳು ತುಂಬಿಡುವ ಹಗೇವಿನ ತಳದಿಂದ ಬಂದಂತೆ ಕೇಳಿಸಿತು. ಬಿಳಿ ಗೋಡೆಗಳು ದೂರ ದೂರ ಸರಿದವು. ಡಾಕ್ಟರಮ್ಮ ಒಳಗೆ ತಿರುಗಿದ ಮೇಲೆ ಹಿಂದಿನಿಂದ ಅವರ ತೋಳು ಹಿಡಿದೆ.

"ತಗೋತಾರ. ನಾನೇ ಕೊಟ್ಟೀನಿ, ನನ್ನ ಗುಳಿಗ್ಯಾಗಿಂದು ಅರ್ಧ. ಒಂದು ತಿಂಗಳಾತು."

ಸೊಸೆ ಹಣೆ ಬಡಿದುಕೊಂಡಳು. "ಅತ್ತಿ, ಅದೇನು ಹೋಳಿಗಿ ಏನ್ರೀ, ಮುರಿದು ಹಂಚಾಕ?"

ಡಾಕ್ಟರಮ್ಮ ಬೈಯಲಿಲ್ಲ. "ಈಗರ ಹೇಳಿದ್ರಿ" ಎಂದು ನನ್ನ ಕೈಯಿಂದ ಗುಳಿಗೆಯ ಪಟ್ಟಿ ಇಸಿದುಕೊಂಡು ಓಡಿದರು. ಆ ಗುಳಿಗೆಯ ಕೆಲಸ ಮುರಿಯುವ ಇಂಜೆಕ್ಷನ್ ಕೊಟ್ಟರಂತೆ. ಆಮೇಲೆ ಮಂಜುಗಟ್ಟಿದ ಒಂದು ಚೀಲವನ್ನು ಕರಗಿಸಿ ತಂದು ತೂಗುಹಾಕಿದರು. ಯಾರೋ ಕೊಟ್ಟ ರಕ್ತದಿಂದ ಕೆಂಪನ್ನೆಲ್ಲ ತೆಗೆದು ಉಳಿಸಿದ ನೀರು, ಅದರಿಂದ ರಕ್ತ ಹೆಪ್ಪುಗಟ್ಟುತ್ತದೆ ಎಂದಳು ನರ್ಸು. ನೋಡಲು ತೊಗರಿ ಬೇಳೆಯ ಕಟ್ಟಿನ ಬಣ್ಣ.

ಗಾಜಿನ ಬಾಗಿಲಾಚೆ ಅದು ಹನಿಹನಿ ಇಳಿಯುತ್ತಿತ್ತು. ನೋಡುತ್ತ ನೋಡುತ್ತ ಹನಿಯೊಳಗೆ ತೋಟದ ಬಿಸಿಲು ತೂಗಿತು. ಅವರು ತೊಟ್ಟಿಯ ಪಕ್ಕ ಎದ್ದು ಕೂತು ಧೋತರ ಕೊಡವಿದರು. ನಾನು ಕರೆಯಲು ಬಾಯಿ ತೆರೆದೆ. ಆಸ್ಪತ್ರೆಯ ಬೆಂಚಿನ ಮೇಲೇ ಇದ್ದೆ.

ಮರುದಿನ ಸೋರುವುದು ನಿಂತಿತ್ತು. ಎಚ್ಚರವಾದರೂ ನಮ್ಮ ಗುರುತು ಹಿಡಿಯುತ್ತಾರೋ ಇಲ್ಲವೋ ಈಗಲೇ ಹೇಳಲಾಗದು ಎಂದರು ಡಾಕ್ಟರಮ್ಮ. ನನಗೆ ಇಡೀ ಗುಳಿಗೆ ನುಂಗಲು ತಾಕೀತು ಮಾಡಿದರು.

ಎಂಟು ದಿನಕ್ಕೆ ನನ್ನ ಗಂಡ ಕಣ್ಣು ತೆರೆದರು. ಮಗನನ್ನು ನೋಡಿದರು, ಸೊಸೆಯನ್ನು ನೋಡಿದರು, ಗೋಡೆಯನ್ನು ನೋಡಿದ ಹಾಗೆ. ಸಂಜೆ ನಾನು ಹತ್ತಿರ ಕೂತೆ. ಹೊದಿಕೆಯೊಳಗಿಂದ ಬಲಗೈ ಮೆಲ್ಲಗೆ ಹೊರಬಂತು. ಅಂಗೈ ಚಾಚಿತು.

ನನ್ನ ಗುಳಿಗೆಯನ್ನು ಇಡಿಯಾಗಿ ನುಂಗಿ, ಆ ಬೆರಳುಗಳನ್ನು ಒಂದೊಂದಾಗಿ ಮಡಚಿದೆ.

"ಇಲ್ಲ" ಎಂದೆ.

ಸಿಟ್ಟಿನಿಂದ ಮುಖ ತಿರುಗಿಸಿದರು.