ಪದಗಳ ತವರು ವಿಚಾರಿಸುತ್ತಿದ್ದ ಅಕ್ಕೋರು

ನಮಗೆ ಇಂಗ್ಲಿಷ್ ಕಲಿಸಿದ ಅಕ್ಕೋರ ಕೆಳದುಟಿಯ ಮೇಲೆ ಶಾಲೆ ಬಿಡುವ ಹೊತ್ತಿಗೆ ಹಲ್ಲಿನ ಗುರುತು ಮೂಡಿರುತ್ತಿತ್ತು. ‘ವಿ’ ಅನ್ನುವಾಗ ಹಲ್ಲು ತುಟಿಗೆ ತಾಗಬೇಕೆಂದು ತೋರಿಸಿ ತೋರಿಸಿ ಆದ ಗುರುತು. ಹೊನ್ನಾವರದ ಮಕ್ಕಳಾದ ನಾವು ಹಲ್ಲು ಮುಂದೆ ಮಾಡಿಕೊಂಡು ಮೊಲಗಳ ಹಾಗೆ ಕೂತಿರುತ್ತಿದ್ದೆವು.

ನಮ್ಮ ಕಡೆ ಹೊಸಬರು ಮನೆಗೆ ಬಂದರೆ ಬೆಲ್ಲ-ನೀರು ಕೊಟ್ಟು, ಊರು ಯಾವುದು, ಯಾರ ಪೈಕಿ ಎಂದು ವಿಚಾರಿಸುತ್ತಾರೆ. ಅಕ್ಕೋರು ಇಂಗ್ಲಿಷ್ ಪದಗಳನ್ನೂ ಹಾಗೆಯೇ ವಿಚಾರಿಸುತ್ತಿದ್ದರು. ಕ್ಯಾಟಮರಾನ್ ತಮಿಳರ ಕಟ್ಟುಮರದ ಪೈಕಿ. ಯಾಟ್ ಡಚ್ಚರದ್ದು, ಬೆನ್ನಟ್ಟಿ ಹೋಗುವ ಹಡಗು. ಮಾನ್ಸೂನ್ ಅರಬರ ಮಾತು, ಋತು ಅಂತ ಅರ್ಥ ಎಂದ ದಿನ, ತರಗತಿಯಲ್ಲಿ ಬಾಯಿಯೇ ಬಿಡದಿದ್ದ ಭಟ್ಕಳದ ಹುಡುಗಿಯೊಬ್ಬಳು ಎದ್ದು ನಿಂತು, “ಅಕ್ಕೋರೆ, ನಮ್ಮನೇಲಿ ಮೌಸಮ್ ಅಂತ್ರು” ಎಂದಳು.

“ಹೌದನೆ! ಹಾಂಗಾರೆ ಅದು ನಿಮ್ಮನೆ ನೆಂಟ. ಬಾ, ನೀನೇ ಪಾಠ ಮಾಡು” ಎಂದು ಸೀಮೆಸುಣ್ಣ ಅವಳ ಕೈಗಿಟ್ಟು, ಅಕ್ಕೋರು ನಮ್ಮ ಬೆಂಚಿನಲ್ಲಿ ಒತ್ತಿಕೊಂಡು ಕೂತರು.

ನಿವೃತ್ತರಾಗಿ ಕುಮಟೆಯಲ್ಲಿ ತಂಗಿಯ ಜೊತೆಗಿದ್ದಾಗ ಅವರಿಗೆ ಲಕ್ವ ಹೊಡೆದು ಮಾತು ನಿಂತಿತು. ಆಗ ನಾನೂ ಇಂಗ್ಲಿಷ್ ಅಕ್ಕೋರಾಗಿದ್ದೆ. “ಎಂತಾರೂ ಮಾತಾಡ್ಸು ಮಾರಾಯ್ತಿ, ಮಾತಾಡ್ಸ್ತೇ ಇರಿ ಅಂದಿದ್ರು ಡಾಕ್ಟ್ರು” ಎಂದರು ತಂಗಿ. ಭಾನುವಾರಗಳಲ್ಲಿ ಹೋಗಿ, ಅವರು ಕಲಿಸಿದ ಪದಗಳನ್ನೆಲ್ಲ ಅವರಿಗೇ ಒಪ್ಪಿಸುತ್ತಿದ್ದೆ. ಅವರು ಕಿಟಕಿಯಾಚೆ ನೋಡುತ್ತಿದ್ದರು. ಆ ದನಿ ಇನ್ನು ಕೇಳಲು ಸಿಗುವುದೇ ಇಲ್ಲವೇನೋ ಎಂದು ವಾಪಸು ಬರುವಾಗ ಬಸ್ಸಿನಲ್ಲಿ ಅಳುತ್ತಿದ್ದೆ.

ಒಂದು ಭಾನುವಾರ ಯಾಟ್ ಪದವನ್ನು ಬೇಕೆಂದೇ ತಪ್ಪಾಗಿ ಹೇಳಿದೆ: “ಅಕ್ಕೋರೆ, ಕಾಸರಕೋಡಿಗೆ ಒಂದು ಯಾಚ್ಟ್ ಬಂದಿತ್ತು.” ಅವರ ಹುಬ್ಬು ಗಂಟಾಯಿತು. “ಯಾಚ್ಟ್ ಅಂದ್ರೆ ನಮ್ಮ ಇಡಗುಂಜಿ ಬದಿ ಮಾತಲ್ದೆ?” ಎಂದು ಅದರ ತವರನ್ನೂ ತಪ್ಪಿಸಿದೆ.

ಅಕ್ಕೋರ ತುಟಿ ನಡುಗಿತು. ಎಡಗೈ ಮಂಚಕ್ಕೆ ಬಡಿಯಿತು. “ಪಿಶ್ಶೆಂ!”

ಹುಚ್ಚು ಹುಡುಗಿ ಎಂದು ತಮ್ಮ ಮನೆಮಾತು ಕೊಂಕಣಿಯಲ್ಲಿ ಬೈದದ್ದು. ತಂಗಿ ಸೌಟು ಹಿಡಿದುಕೊಂಡೇ ಒಳಗಿನಿಂದ ಓಡಿ ಬಂದರು. ಮೂವರೂ ನಕ್ಕೆವು, ಅತ್ತೆವು.

ಅಷ್ಟರ ಮೇಲೆ ಅವರ ಮನೆಮಾತು ಕೊಂಚ ಕೊಂಚ ಮರಳಿತು. ಇಂಗ್ಲಿಷ್ ಮಾತ್ರ ಒಂದು ಪದವೂ ಬರಲಿಲ್ಲ. ಮುಂದಿನ ಮಳೆಗಾಲಕ್ಕೆ ಮೊದಲೇ ಅವರು ತೀರಿಕೊಂಡರು.

ಈಗ ಯಾವ ಪದದ ಉಚ್ಚಾರವನ್ನಾದರೂ ಮೊಬೈಲು ಹೇಳುತ್ತದೆ. ಮೊನ್ನೆ ತರಗತಿಯಲ್ಲಿ ‘ನೊಸ್ಟಾಲ್ಜಿಯಾ’ ಬಂತು. ಮರಳಿ ಮನೆ ಸೇರುವುದು ಮತ್ತು ನೋವು, ಈ ಎರಡು ಗ್ರೀಕ್ ಮಾತುಗಳನ್ನು ಜೋಡಿಸಿ, ಊರು ಬಿಟ್ಟ ಸಿಪಾಯಿಗಳ ಕಾಯಿಲೆಗೆ ವೈದ್ಯನೊಬ್ಬ ಇಟ್ಟ ಹೆಸರು ಎಂದೆ.

“ಅದ್ಕೆ ಮದ್ದು ಎಂತದು ಅಕ್ಕೋರೆ?” ಎಂದಳು ಒಬ್ಬಳು.

“ಊರಿಗೆ ಕಳಿಸುದು” ಎಂದೆ. ಆಗಿನವರು ಮಾಡುತ್ತಿದ್ದದ್ದು ಅದನ್ನೇ.

ನಾನಿರುವುದು ಹುಟ್ಟಿದ ಊರಿನಲ್ಲೇ. ಆದರೂ ಅಕ್ಕೋರಿದ್ದ ಊರು ನೆನಪಾಗಿ ಅಳು ಬರುತ್ತದೆ.