ದಡಕ್ಕೆ ಬಾರದ ಹಡಗುಗಳು

ಆಗಿನ್ನೂ ನಾನು ಸಮುದ್ರವನ್ನೇ ನೋಡಿರಲಿಲ್ಲ. ಆದರೂ ಕೊಲ್ಲಿ ಯುದ್ಧ ಶುರುವಾದಾಗ ನಮ್ಮ ಬೀದಿಗೆಲ್ಲ ನಾನೇ ಸೇನಾಪತಿ. ಚಾಮರಾಜನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗುಮಾಸ್ತನಾಗಿದ್ದೆ. ಬೆಳಿಗ್ಗೆ ಪೇಪರು, ಸಂಜೆ ಟಿವಿ, ನಡುವೆ ಸಿಕ್ಕವರ ತಲೆ ತಿನ್ನುವುದು. ಅದರಲ್ಲೂ ಅಮೆರಿಕದವರ ಹೋವರ್‌ಕ್ರಾಫ್ಟ್ ನನಗೆ ಹುಚ್ಚು ಹಿಡಿಸಿಬಿಟ್ಟಿತ್ತು. ಕೆಳಗೆ ರಬ್ಬರಿನ ಲಂಗ, ಅದರೊಳಗೆ ಫ್ಯಾನಿನ ಗಾಳಿ. ಟ್ಯಾಂಕನ್ನೇ ಹೊತ್ತು ನೀರಿನ ಮೇಲೆ ಬಂದು, ನಿಲ್ಲದೆ ಮರಳಿನ ಮೇಲೂ ಹತ್ತಿಬಿಡುತ್ತದೆ. ಅದು ಕುವೈತಿನ ದಡ ಹತ್ತುವುದನ್ನು ನೋಡಲೇಬೇಕು ಅಂತ ಜಪ ಮಾಡುತ್ತಿದ್ದೆ.

ಆ ದಡದಲ್ಲೇ ನನ್ನ ತಂಗಿಯ ಗಂಡನಿದ್ದ.

ಗುಂಡ್ಲುಪೇಟೆಯಲ್ಲಿ ಲಾರಿ ಓಡಿಸುತ್ತಿದ್ದವನು, ಘಟ್ಟದಾಚೆಯ ಮಲಯಾಳಿ ಗೆಳೆಯನ ಮಾತು ಕೇಳಿ ಕುವೈತಿಗೆ ಡ್ರೈವರ್ ಕೆಲಸಕ್ಕೆ ಹೋಗಿದ್ದ. ಇರಾಕಿನವರು ನುಗ್ಗಿದಾಗ ನಮ್ಮ ಕಡೆಯವರೆಲ್ಲ ವಿಮಾನ ಹತ್ತಿ ಬಂದರು. ಇವನು ಮಾತ್ರ, ಧಣಿ ಬೀಗದ ಕೈ ಕೊಟ್ಟು ಓಡಿಹೋದ ಮನೆಯನ್ನು ಕಾಯುತ್ತಾ ಉಳಿದ. ಸಮುದ್ರದ ಎದುರಿಗೇ ಮನೆ ಅಂತ ಹಿಂದೆ ರಜಕ್ಕೆ ಬಂದಾಗ ಹೇಳಿದ್ದ. ಈಗ ಸುದ್ದಿಯೇ ಇಲ್ಲ. ಟಿವಿ ಇರುವ ಮನೆ ಅಂತ ತಂಗಿ ನಮ್ಮಲ್ಲಿಗೆ ಬಂದು ಕೂತಿದ್ದಳು.

ಒಂದು ಸಂಜೆ ಸ್ಟೀಲ್ ಲೋಟವನ್ನು ಬಿಸಿನೀರಲ್ಲಿ ತೊಳೆದು, ಹಿತ್ತಿಲಿನ ಒದ್ದೆ ಕಡಪಾ ಕಲ್ಲಿನ ಮೇಲೆ ಬೋರಲು ಹಾಕಿದೆ. ಅದು ತಾನಾಗಿಯೇ ಜಾರಿಕೊಂಡು ಹೋಯಿತು. "ನೋಡು ಕಣಮ್ಮಿ, ಇಂಗೇಯ ಬತ್ತದೆ! ಒಳಗೆ ಗಾಳಿ, ಅಷ್ಟೇಯ!" ಎಂದೆ. ಖುಷಿ ತಡೆಯದೆ ಇನ್ನೊಂದು ಲೋಟ ತರಿಸಿದೆ.

ಅವಳು ಲೋಟವನ್ನೇ ನೋಡುತ್ತಾ, "ಬಂದು ದಡದಲ್ಲಿರೋ ಮನೆಗಳ್ನ ಏನ್ ಮಾಡ್ತರಣ್ಣ?" ಎಂದಳು.

ನನ್ನ ಬಾಯಿ ಸುಮ್ಮನಿರಬೇಕಲ್ಲ! "ಮೊದ್ಲೇ ಬಾಂಬ್ ಹಾಕಿ ಎಲ್ಲಾನೂ ಸಪಾಟು ಮಾಡ್ಬುಡ್ತರೆ ಕಣ" ಎಂದುಬಿಟ್ಟೆ. ಅಡುಗೆಮನೆಯಿಂದ ನನ್ನ ಹೆಂಡತಿ, "ಥೂ, ನಿಮ್ಗೇನಾರ ಬುದ್ಧಿ ಅದಾ?" ಎಂದು ಕೂಗಿದಳು. ತಂಗಿ ಅಂದು ಊಟಕ್ಕೆ ಏಳಲಿಲ್ಲ. ಇಷ್ಟಾದರೂ ಮಾರನೆಯ ದಿನ ಮತ್ತೆ ಟಿವಿ ಹಾಕಿ ಅದೇ ಹಡಗಿಗೆ ಕಾದೆನಲ್ಲ, ನನ್ನಂಥ ಗೂಬೆ ಇನ್ನೊಬ್ಬನಿರಲಾರ.

ಯುದ್ಧ ಮುಗಿಯಿತು. ಸೈನ್ಯ ಮರಳುಗಾಡಿನ ಕಡೆಯಿಂದ ನುಗ್ಗಿತ್ತು. ಸಮುದ್ರದಲ್ಲಿ ಹೋವರ್‌ಕ್ರಾಫ್ಟು, ಹಡಗುಗಳನ್ನು ನಿಲ್ಲಿಸಿದ್ದೆಲ್ಲ ಇರಾಕಿನವರನ್ನು ದಡದಲ್ಲೇ ಕಟ್ಟಿಹಾಕಲು ಹೂಡಿದ ನಾಟಕವಂತೆ. ಅದನ್ನು ಕೇಳಿ ನನ್ನ ಬಾಯಿಂದ ಬಂದ ಮಾತು "ಛೆ!"

ಪಕ್ಕದಲ್ಲಿ ಕೈಮುಗಿದು ಕೂತಿದ್ದ ತಂಗಿ ತಿರುಗಿ ನನ್ನ ಮುಖ ನೋಡಿದಳು. "ಹಡಗು ಬರ್ನಿಲ್ಲ ಅಂತ ನಿಂಗೆ ಬೇಜಾರಾಯ್ತಾ ಅಣ್ಣ?" ಎಂದಳು. ಸಿಟ್ಟಿನಿಂದ ಕೇಳಿದ್ದರೆ ಚೆನ್ನಾಗಿತ್ತು. ಅವಳಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. ನಾನು ನೀರು ಕುಡಿಯುವ ನೆಪ ಮಾಡಿ ಎದ್ದುಹೋದೆ.

ಮಳೆಗಾಲದ ಹೊತ್ತಿಗೆ ಅವಳ ಗಂಡ ಬಂದ. ಅರ್ಧ ಆಳಾಗಿದ್ದ. ನಮ್ಮ ಮನೆಯಲ್ಲಿ ಊಟಕ್ಕೆ ಕೂತವನು ಇದ್ದಕ್ಕಿದ್ದಂತೆ ನನ್ನ ಕೈ ಹಿಡಿದುಕೊಂಡು ಅತ್ತುಬಿಟ್ಟ. "ಬಾವ, ದಿನಾ ನೀವೇ ಇವ್ಳಿಗೆ ಧೈರ್ಯ ಯೋಳ್ತಿದ್ರಂತೆ. ಅವ್ನು ಬಂದೇ ಬತ್ತನೆ ಅಂತ ನಮ್ಮಣ್ಣ ಒಬ್ನೇ ನಂಬಿದ್ದ ಅಂತಾವ್ಳೆ."

ತಂಗಿ ನನ್ನ ತಟ್ಟೆಗೆ ಸಾರು ಬಿಡುತ್ತಿದ್ದಳು. ತಲೆ ಎತ್ತಲಿಲ್ಲ.

"ಹೂಂ" ಎಂದೆ.